ಬಾಟಲಿಯ ಮೇಲಿನ ಕಥೆ

ಹೋದ ತಿಂಗಳು ತಂಗಿಯ ಮಗ ಬೆಂಗಳೂರಿನಿಂದ ಕನಕಪುರಕ್ಕೆ ಬಂದಿದ್ದ. ಕಾಫಿ ಲೋಟ ಕೆಳಗಿಡುವ ಮೊದಲೇ, "ದೊಡ್ಡಮ್ಮ, ನಮ್ಮೂರ ಕಡೆ ಹಿಂದೆ ಬೆಲ್ಲದ ಸಾರಾಯಿ ಕಾಯಿಸ್ತಿದ್ರಂತಲ್ಲ, ಅದರ ಕಥೆ ಯಾವುದಾದರೂ ಹೇಳು" ಎಂದ. ಹೊಸದೊಂದು ಮದ್ಯಕ್ಕೆ ಹಳೆಯ ಹೆಸರಿಟ್ಟು, ಬಾಟಲಿಯ ಮೇಲೆ ಊರಿನ ಕಥೆ ಅಚ್ಚು ಹಾಕಿಸುತ್ತಾರಂತೆ. ಬರೆಯುವ ಕೆಲಸ ಇವನದು.

ನನ್ನ ಮುಖ ನೋಡಿ ಅವನೇ ಸಮಜಾಯಿಷಿ ಕೊಟ್ಟ. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅಮೃತ್ ಡಿಸ್ಟಿಲರೀಸ್ 2004ರಲ್ಲಿ ತನ್ನ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿತು. 2025ರಲ್ಲಿ ಬೆಲ್ಲದ ರಮ್ಮಿಗೆ 'ಬೆಲ್ಲ' ಎಂದೇ ಹೆಸರಿಟ್ಟಿತು. "ಹೊರಗಿನವರು ಕಾಯಿಸಿದರೆ ಪರಂಪರೆ, ನಮ್ಮವರು ಕಾಯಿಸಿದರೆ ಕಳ್ಳಭಟ್ಟಿ. ಇದು ನ್ಯಾಯವಾ?" ಎಂದ.

ಮಾತಿನಲ್ಲಿ ಹುರುಳಿತ್ತು. ಬಡವರ ಪ್ಯಾಕೆಟ್ ಸಾರಾಯಿಯನ್ನು ಸರ್ಕಾರ 2007ರ ಜುಲೈ 1ರಿಂದ ನಿಷೇಧಿಸಿತು. ಬಾಟಲಿಯ ಅಂಗಡಿಗಳ ಬಾಗಿಲು ಮಾತ್ರ ತೆರೆದೇ ಇತ್ತು.

ಹಾಗಾಗಿ ನಮ್ಮ ಬೀದಿಯ ತಾತನೊಬ್ಬನ ಕಥೆ ಹೇಳಿದೆ. ಕುಡಿಯುವ ಮೊದಲು ನೆಲಕ್ಕೆ ನಾಲ್ಕು ಹನಿ ಚೆಲ್ಲಿ ಮಾರಮ್ಮನನ್ನು ನೆನೆಯುತ್ತಿದ್ದ. ಮುಸ್ಸಂಜೆಗೆ ಹಾಡುತ್ತಾ ಬೀದಿಗೆ ಬಂದರೆ ಮಕ್ಕಳೆಲ್ಲ ಅವನ ಹಿಂದೆ. ಹುಡುಗ ಖುಷಿಯಿಂದ ಬರೆದುಕೊಂಡ.

ಮೂಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ನಮ್ಮಮ್ಮ ತಲೆ ಎತ್ತದೆ ಅಂದಳು: "ಆ ಹಾಡು ಕೇಳ್ತಿದ್ದಂಗೆ ಅವನ ಹೆಂಡ್ತಿ ರೇಷ್ಮೆಗೂಡು ಮಾರಿದ ದುಡ್ಡ ರಾಗಿ ವಾಡೇಲಿ ಬಚ್ಚಿಡೋಳು. ಅದನ್ನೂ ಬರ್ಕೊ ಮಗ."

ನಾನು ಹೇಳಿದ್ದೇನೂ ಸುಳ್ಳಲ್ಲ. ಆದರೆ ನಾನು ಆ ಹಾಡನ್ನು ಬೀದಿಯಲ್ಲಿ ನಿಂತು ಕೇಳಿದವಳು. ಅವಳು ಒಳಗಿದ್ದು ಕೇಳಿದವಳು. ಅರ್ಧ ಹೇಳಿದ ನಿಜಕ್ಕೆ ಏನೆನ್ನಬೇಕು, ನೀವೇ ಹೇಳಿ.

ಹೆಂಡ ಮುಟ್ಟದ ಜಿ.ಪಿ. ರಾಜರತ್ನಂ 'ಎಂಡ್ಕುಡ್ಕ ರತ್ನ'ನನ್ನು ಸೃಷ್ಟಿಸಿದರು. ರತ್ನನೂ ಅವನ ಪುಟ್ನಂಜಿಯೂ ನಮಗೆಲ್ಲ ಪ್ರೀತಿಯವರೇ. ಹಾಗಿದ್ದರೆ ಬಾಟಲಿಯ ಮೇಲಿನ ತಾತ ಏನು ತಪ್ಪು ಮಾಡಿದ? ನನಗೆ ತೋಚಿದ್ದು ಇಷ್ಟು: ಪದ್ಯ ಓದಿದವರ ಮನೆಯಲ್ಲಿ ಕಾಸು ಕರಗುವುದಿಲ್ಲ. ಕವಿ ನಗಿಸಿ ಸುಮ್ಮನಾಗುತ್ತಾನೆ. ಲೇಬಲ್ಲು ನಗಿಸಿ ಕೈಚಾಚುತ್ತದೆ. ಆ ಕೈಗೆ ಬೀಳುವ ದುಡ್ಡು ಮತ್ತೆ ಯಾರದೋ ರಾಗಿ ವಾಡೆಯದು. ಊರಿನ ನೆನಪು ಊರಿನವರೆಲ್ಲರದು ಎನ್ನುತ್ತೇವೆ. ಮಾರುವಾಗ ಮಾತ್ರ ಹಾಡಿದವನನ್ನು ಇಟ್ಟುಕೊಂಡು ಬಚ್ಚಿಟ್ಟವಳನ್ನು ಬಿಡುತ್ತೇವೆ. ಅವಳು ಈಗಿಲ್ಲ; ಒಪ್ಪಿಗೆ ಕೇಳೋಣವೆಂದರೆ ಯಾರನ್ನು ಕೇಳುವುದು? ಹುಡುಗನ ಮೇಲಿನ ಅಕ್ಕರೆಗೆ ನಾನು ಧಾರಾಳವಾಗಿ ಕೊಟ್ಟಿದ್ದು ಅವಳ ಸಂಜೆಗಳನ್ನು.

ಹುಡುಗ ಅಜ್ಜಿಯ ಮಾತನ್ನೂ ಬರೆದುಕೊಂಡ. ಎರಡನ್ನೂ ಓದಿ, "ಇದು ಸೇರಿಸಿದರೆ ಬಾಟಲಿ ಮಾರಲ್ಲ ದೊಡ್ಡಮ್ಮ" ಎಂದ.

"ಹಾಗಾದರೆ ನಾನು ಹೇಳಿದ್ದನ್ನೂ ಹೊಡೆದುಹಾಕಪ್ಪ" ಎಂದೆ.

ಅವನು ಪೆನ್ನು ಹಿಡಿದು ಸುಮ್ಮನೆ ಕೂತ. "ಮುದ್ದೆ ಆರೋಗುತ್ತೆ, ಏಳಿ ಊಟಕ್ಕೆ" ಎಂದು ಅಮ್ಮ ಅವರೆಸಿಪ್ಪೆ ಬಾಚಿಕೊಂಡು ಎದ್ದಳು.