ಬೋನಿನಲ್ಲಿ ಸಿಕ್ಕ ಇಲಿ

ರಾತ್ರಿಯ ಊಟದ ಪಾತ್ರೆಗಳನ್ನು ತೊಳೆದಿರಿಸಿ, ದೀಪವಾರಿಸಿ, ಮನೆಯವರೆಲ್ಲರೂ ಮಲಗಿದ ಮೇಲೆ ಅಡಿಗೆಮನೆಯ ಅಟ್ಟದಿಂದ ಕೇಳಿಬರುವ ಕರಕರ ಸದ್ದನ್ನು ಅರಿಯದ ಗೃಹಸ್ಥನಿಲ್ಲ. ಬೆಳಗಾಗುವಷ್ಟರಲ್ಲಿ ಜೋಳದ ಚೀಲದ ಮೂಲೆಯಲ್ಲಿ ತೂತು, ಕೊಬ್ಬರಿಯ ಬಟ್ಟಲಿನ ಮೇಲೆ ಹಲ್ಲಿನ ಗುರುತು, ಶಿವಪೂಜೆಯ ವಸ್ತ್ರದ ಅಂಚಿನಲ್ಲಿ ಹರಕು. ಎರಡು ದಿನ ತಾಳಿದ ಗೃಹಿಣಿ ಮೂರನೆಯ ದಿನ ಬೋನನ್ನು ಹುಡುಕಿಸುತ್ತಾಳೆ. ಹುರಿದ ಶೇಂಗಾ ಬೀಜವನ್ನೋ ಒಣಕೊಬ್ಬರಿಯ ಚೂರನ್ನೋ ಕೊಕ್ಕೆಗೆ ಸಿಕ್ಕಿಸಿ ಗೋಡೆಯ ಅಂಚಿನಲ್ಲಿಟ್ಟರೆ, ಮರುದಿನ ಮುಂಜಾನೆ ತಂತಿಯ ಸರಳುಗಳ ಹಿಂದೆ ಒಂದು ಪುಟ್ಟ ಜೀವ ಕುಳಿತಿರುತ್ತದೆ. ಅದುವರೆಗೆ ಮನೆಯ ಪ್ರಶ್ನೆಯಾಗಿದ್ದುದು ಆ ಕ್ಷಣದಲ್ಲಿ ಧರ್ಮದ ಪ್ರಶ್ನೆಯಾಗುತ್ತದೆ. ಇನ್ನು ಇದನ್ನು ಏನು ಮಾಡತಕ್ಕುದು?

ಬಹಳ ಮನೆಗಳಲ್ಲಿ ನಡೆಯುವುದನ್ನು ಮರೆಮಾಚದೆ ಹೇಳಬೇಕು. ಯಜಮಾನನು ಬೋನಿನ ಕಡೆಗೆ ಒಮ್ಮೆ ನೋಡಿ, ಆಳನ್ನು ಕರೆದು, “ಇದನ್ನು ಹೊರಗೆ ಒಯ್ದು ಏನಾದರೂ ಮಾಡು” ಎನ್ನುತ್ತಾನೆ. ಆ “ಏನಾದರೂ” ಎಂಬ ಮಾತಿನ ಅರ್ಥವು ಹೇಳಿದವನಿಗೂ ಗೊತ್ತು, ಕೇಳಿದವನಿಗೂ ಗೊತ್ತು. ಬೋನನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸುವುದೋ, ಬೀದಿಯ ನಾಯಿಯ ಮುಂದೆ ಬಾಗಿಲು ತೆರೆಯುವುದೋ ಆಗುತ್ತದೆ. ಕೆಲವರು ಇನ್ನೂ ಸುಲಭವಾದ ಉಪಾಯವನ್ನು ಕಂಡುಕೊಂಡಿದ್ದಾರೆ. ಊರ ಹೊರಗೆ ಪರರ ಕಣದಲ್ಲಿಯೋ, ಓಣಿಯ ಆಚೆಯವರ ಹಿತ್ತಿಲಿನಲ್ಲಿಯೋ ಬಿಟ್ಟು ಬರುತ್ತಾರೆ. ಆಮೇಲೆ ಯಜಮಾನನು ಸ್ನಾನಮಾಡಿ ವಿಭೂತಿ ಧರಿಸಿ ಇಷ್ಟಲಿಂಗವನ್ನು ಕರಸ್ಥಲಕ್ಕೆ ತೆಗೆದುಕೊಳ್ಳುವಾಗ ಅವನ ಮನಸ್ಸಿನಲ್ಲಿ ತಾನು ಒಂದು ಜೀವವನ್ನು ಕೊಲ್ಲಲಿಲ್ಲವೆಂಬ ಸಮಾಧಾನವಿರುತ್ತದೆ.

ಈ ಸಮಾಧಾನಕ್ಕೆ ಶಾಸ್ತ್ರದಲ್ಲಿ ಎಡೆಯಿಲ್ಲ. ಪತಂಜಲಿ ಮಹರ್ಷಿಗಳು ಯೋಗಸೂತ್ರದ ಸಾಧನಪಾದದಲ್ಲಿ ಹಿಂಸೆಯನ್ನು ವಿಂಗಡಿಸುವಾಗ ತಾನೇ ಮಾಡಿದುದು, ಪರರಿಂದ ಮಾಡಿಸಿದುದು, ಪರರು ಮಾಡಿದುದಕ್ಕೆ ಒಪ್ಪಿದುದು ಎಂದು ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿರುವರು. ಕೃತಕ್ಕಿಂತ ಕಾರಿತವು ಹಗುರವೆಂದು ಅಲ್ಲಿ ಎಲ್ಲಿಯೂ ಹೇಳಿಲ್ಲ. ಅದರ ಹುಟ್ಟು ಲೋಭದಲ್ಲಿಯೋ ಕ್ರೋಧದಲ್ಲಿಯೋ ಮೋಹದಲ್ಲಿಯೋ ಇರಬಹುದು, ಅಳತೆಯಲ್ಲಿ ಅಲ್ಪವೋ ಮಧ್ಯಮವೋ ಅಧಿಕವೋ ಆಗಬಹುದು, ಫಲವಂತೂ ತಪ್ಪದು. ಯಜಮಾನನ ವಿಷಯದಲ್ಲಿ ಇನ್ನೊಂದು ದೋಷವೂ ಕೂಡಿಕೊಳ್ಳುತ್ತದೆ. ತನ್ನ ಕೈಗೆ ಅಂಟಬಾರದೆಂದು ಬಗೆದ ಕೊಳೆಯನ್ನು ಅವನು ಬಡವನ ಕೈಗೆ ಒರೆಸಿದನು. ಕಾಯಕಗಳಲ್ಲಿ ಮೇಲುಕೀಳಿಲ್ಲವೆಂದು ಸಾರಿದ ಶರಣರ ಹೆಸರನ್ನು ದಿನವೂ ನೆನೆಯುವ ಮನೆಯಲ್ಲಿ, ಕೊಲ್ಲುವ ಕೆಲಸಕ್ಕೆ ಮಾತ್ರ ಕೂಲಿಯವನನ್ನು ಹುಡುಕುವುದು ಎಂತಹ ನಡೆ? ಇಲಿಗೆ ಆದ ಅನ್ಯಾಯಕ್ಕಿಂತ ಆ ಆಳಿಗೆ ಆದ ಅನ್ಯಾಯವು ಕಡಿಮೆಯೆಂದು ಹೇಳಲು ಬಾರದು.

ಗೃಹಸ್ಥನು ಸಂನ್ಯಾಸಿಯಲ್ಲ, ಒಲೆ ಹಚ್ಚಿದರೂ, ನೆಲ ಉತ್ತರೂ, ಕಾಳು ಕೇರಿದರೂ ಅವನಿಂದ ಕೆಲವು ಜೀವಗಳಿಗೆ ನೋವಾಗುತ್ತದೆ. ಈ ಮಾತನ್ನು ಜೈನಾಚಾರ್ಯರು ಬಹಳ ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ಬೇಕೆಂದು ಮಾಡುವ ಸಂಕಲ್ಪೀ ಹಿಂಸೆ, ಮನೆಗೆಲಸದಲ್ಲಿ ಆಗುವ ಆರಂಭೀ ಹಿಂಸೆ, ಜೀವನೋಪಾಯದಲ್ಲಿ ಆಗುವ ಉದ್ಯೋಗೀ ಹಿಂಸೆ, ಆತ್ಮರಕ್ಷಣೆಯಲ್ಲಿ ಆಗುವ ವಿರೋಧೀ ಹಿಂಸೆ ಎಂದು ನಾಲ್ಕಾಗಿ ಬಿಡಿಸಿ, ಗೃಹಸ್ಥನು ಮೊದಲನೆಯದನ್ನು ಪೂರ್ಣವಾಗಿ ಬಿಡಬೇಕೆಂದೂ ಉಳಿದ ಮೂರನ್ನು ಆದಷ್ಟು ತಗ್ಗಿಸಬೇಕೆಂದೂ ವಿಧಿಸಿದರು. ಬೋನಿನ ಇಲಿಯು ಇವುಗಳಲ್ಲಿ ಯಾವುದಕ್ಕೆ ಸೇರಬೇಕು? ಓಡಾಡುವ ಇಲಿಯು ಕಾಳಿಗೆ ಶತ್ರುವೆನ್ನಬಹುದು; ಬೋನಿನೊಳಗಿನ ಇಲಿ ಶತ್ರುವಲ್ಲ, ಸೆರೆಯಾಳು. ಅದು ಹೇಗೆ ಬಾಳಬೇಕು, ಹೇಗೆ ಸಾಯಬೇಕು ಎಂಬುದೆಲ್ಲವೂ ಈಗ ಹಿಡಿದವನ ಸಂಕಲ್ಪಕ್ಕೆ ಸೇರಿತು. ಸಕಲ ಪ್ರಾಣಿಗಳ ವಿಷಯದಲ್ಲಿ ದಯೆಯನ್ನು ಧರ್ಮದ ಅಡಿಗಲ್ಲಾಗಿ ಇರಿಸಿದ ಬಸವಣ್ಣನವರು, ಕಲ್ಲಿನ ಹಾವಿಗೆ ಒಂದು ನಡತೆ, ಜೀವವಿರುವ ಹಾವಿಗೆ ಮತ್ತೊಂದು ನಡತೆ ತೋರುವ ಜನರನ್ನು ಹಳಿದುದು ಎಲ್ಲರಿಗೂ ತಿಳಿದಿದೆ. ವಿನಾಯಕನ ಪಾದದಡಿಯ ಮೂಷಿಕಕ್ಕೆ ಹೂವೇರಿಸಿ ಅಟ್ಟದ ಮೂಷಿಕಕ್ಕೆ ತೊಟ್ಟಿ ತುಂಬಿಸುವವರೂ ಅದೇ ಗುಂಪಿನವರು.

ಆದರೆ ಇಲಿಯ ಪಕ್ಷವನ್ನೇ ಹಿಡಿದು ಮನೆಯ ಪಕ್ಷವನ್ನು ಮರೆಯುವುದೂ ಸಲ್ಲದು. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ೧೮೯೮ರ ಹೊತ್ತಿಗೆ ಹುಬ್ಬಳ್ಳಿಯನ್ನೂ ಬೆಂಗಳೂರನ್ನೂ ಹೊಕ್ಕಿತು. ಆ ವರ್ಷವೇ ಫ್ರಾನ್ಸಿನ ವೈದ್ಯ ಸಿಮೊಂದರು ಕರಾಚಿಯಲ್ಲಿ ಪ್ರಯೋಗ ನಡೆಸಿ, ರೋಗವು ಇಲಿಯಿಂದ ಇಲಿಗೆ ಚಿಗಟದ ಮೂಲಕ ದಾಟುವುದೆಂದು ತೋರಿಸಿದರು. ಮನೆಯಲ್ಲಿ ಇಲಿ ಬಿದ್ದಿತೆಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಕಟ್ಟಿಕೊಂಡು ಬಾಳಿದ ಕಾಲವದು. ಇಂದಿಗೂ ಇಲಿಜ್ವರವೆಂದು ಕರೆಯುವ ವ್ಯಾಧಿಯು ಇಲಿ ಮುಂತಾದ ಪ್ರಾಣಿಗಳ ಮೂತ್ರ ಸೇರಿದ ನೀರು ಕೆಸರುಗಳಿಂದ ಮನುಷ್ಯನಿಗೆ ತಗಲುತ್ತದೆ. ಮಕ್ಕಳು ಉಣ್ಣುವ, ದಾಸೋಹಕ್ಕೆ ಸಲ್ಲುವ ಕಾಳನ್ನು ಕಾಯುವುದು ಗೃಹಸ್ಥನ ಕರ್ತವ್ಯವೇ ಹೊರತು ಕ್ರೌರ್ಯವಲ್ಲ. ಆದುದರಿಂದ ಇಲಿಯು ಮನೆಯಲ್ಲಿರಕೂಡದು ಎಂಬಲ್ಲಿ ವಿವಾದವಿಲ್ಲ.

ವಿವಾದವಿರುವುದು ಬಿಡುಗಡೆಯ ವಿಷಯದಲ್ಲಿ. ಬೋನಿನ ಬಾಗಿಲು ತೆರೆದುಬಿಟ್ಟರೆ ದಯೆಯ ಕೆಲಸ ಮುಗಿಯಿತೆಂಬ ನಂಬಿಕೆ ಬಹುಮಟ್ಟಿಗೆ ಭ್ರಾಂತಿ. ಚಿಟ್ಟಿಲಿಯ ಗರ್ಭ ಸುಮಾರು ಇಪ್ಪತ್ತು ದಿನದ್ದು. ಒಂದು ಸೂಲಿಗೆ ಐದಾರು ಮರಿಗಳು ಸಾಮಾನ್ಯ. ಹುಟ್ಟಿದ ಮರಿಗಳಿಗೆ ಕೂದಲಿಲ್ಲ, ಕಣ್ಣು ತೆರೆದಿಲ್ಲ. ಸುಮಾರು ಮೂರು ವಾರ ತಾಯಿಯ ಹಾಲೇ ಗತಿ. ಹೆಣ್ಣಿಲಿಯೊಂದನ್ನು ಹಿಡಿದು ಎರಡು ಹರಿದಾರಿ ದೂರ ಒಯ್ದು ಬಿಟ್ಟವನು ಒಂದು ಜೀವವನ್ನು ಉಳಿಸಿದೆನೆಂದು ಹಿಂತಿರುಗುವಾಗ, ಅವನದೇ ಅಟ್ಟದ ಹಳೆಯ ಗೋಣಿಯ ಮಡಿಕೆಯಲ್ಲಿ ಐದಾರು ಜೀವಗಳು ಹಸಿದು ತಣ್ಣಗಾಗುತ್ತಿರಬಹುದು. ದೂರ ಬಿಟ್ಟ ತಾಯಿಗೂ ಸುಖವಿಲ್ಲ. ಮನುಷ್ಯನ ಗೋಡೆಯೊಳಗೆ ಹುಟ್ಟಿ ಬೆಳೆದ ಇಲಿಗೆ ಬಯಲಿನಲ್ಲಿ ಬಿಲದ ಗುರುತಿಲ್ಲ, ಕಾಳಿನ ದಾರಿಯಿಲ್ಲ. ಗೂಬೆ, ಹಾವು, ಮುಂಗುಸಿಗಳಿಗೆ ಅದು ಬೇಗನೆ ತುತ್ತಾಗುತ್ತದೆ. ಹತ್ತಿರ ಬಿಟ್ಟರೆ, ಬಂದ ತೂತಿನಿಂದಲೇ ತಿರುಗಿ ಬರುತ್ತದೆ. ಹಾಗಾದರೆ ಬಿಡುವುದು ವ್ಯರ್ಥವೇ?

ವ್ಯರ್ಥವಲ್ಲ, ಕ್ರಮ ತಲೆಕೆಳಗಾಗಿದೆ. ಹಿಡಿಯುವ ಮೊದಲು ಮಾಡಬೇಕಾದುದನ್ನು ಮಾಡದೆ ಹಿಡಿಯುತ್ತಿದ್ದಾರೆ. ಪೆನ್ಸಿಲು ತೂರುವಷ್ಟು ಸಂದು ಚಿಟ್ಟಿಲಿಗೆ ಹೆಬ್ಬಾಗಿಲು. ಬಾಗಿಲಿನ ಅಡಿಯ ಸಂದು, ನೀರಿನ ಕೊಳವೆ ಗೋಡೆಯನ್ನು ಹೊಗುವ ಎಡೆ, ಮಾಡಿನ ಹೆಂಚು ಸರಿದ ಜಾಗ ಇವುಗಳನ್ನು ಮೊದಲು ಹುಡುಕಬೇಕು. ಮಣ್ಣನ್ನೂ ಮರವನ್ನೂ ಅದು ಕಡಿದೀತು. ಸಿಮೆಂಟಿನ ಗಾರೆಯನ್ನಾಗಲಿ ಗಟ್ಟಿಯಾಗಿ ತುರುಕಿದ ಉಕ್ಕಿನ ನಾರನ್ನಾಗಲಿ ಕಡಿಯುವುದು ಅದಕ್ಕೆ ಕಷ್ಟ. ಕಾಳು ತಗಡಿನ ಡಬ್ಬಿಯಲ್ಲಿರಲಿ. ನಮ್ಮ ಹಿರಿಯರು ಜೋಳವನ್ನು ನೆಲದಡಿಯ ಹಗೇವಿನಲ್ಲಿ ತುಂಬಿ ಬಾಯಿಯನ್ನು ಕಲ್ಲು ಮಣ್ಣುಗಳಿಂದ ಮುಚ್ಚುತ್ತಿದ್ದರು. ಅವರ ಮನೆಯಲ್ಲಿ ಇಲಿಯಿರಲಿಲ್ಲವೆಂದಲ್ಲ, ಇಲಿಯ ಪಾಲಿಗೆ ಹೊಟ್ಟೆ ತುಂಬುವಷ್ಟು ಸಿಗುತ್ತಿರಲಿಲ್ಲ. ಇಂದು ರಾತ್ರಿಯ ಮುಸುರೆಯನ್ನು ಬೆಳಗಿನವರೆಗೆ ತೆರೆದಿಟ್ಟು, ಬಂದ ಅತಿಥಿಯನ್ನು ಕಳ್ಳನೆಂದು ಸೆರೆಹಿಡಿಯುವುದು ಒಂದು ಬಗೆಯ ವಂಚನೆಯೇ ಸರಿ. ಅಟ್ಟವನ್ನು ಗುಡಿಸಿ, ಹಳೆಯ ಗೋಣಿ ಕಾಗದಗಳನ್ನು ತೆಗೆಯುವಾಗ ಗೂಡು ಕಂಡುಬಂದರೆ, ಮರಿಗಳಿಗೆ ಓಡಾಡುವ ಬಲ ಬರುವವರೆಗೆ ಎರಡು ಮೂರು ವಾರ ಬೋನಿಡದೆ ತಡೆಯಬಹುದು. ಆ ಕೆಲವು ದಿನಗಳಲ್ಲಿ ಹೋಗುವ ಕಾಳು ಎಷ್ಟು? ಒಂದು ಚಿಟ್ಟಿಲಿಗೆ ದಿನಕ್ಕೆ ಮೂರು ನಾಲ್ಕು ಗ್ರಾಂ ಸಾಕು.

ಬೋನಿಟ್ಟವನಿಗೆ ಬೋನಿನ ಜವಾಬ್ದಾರಿಯೂ ಉಂಟು. ಇಷ್ಟು ಸಣ್ಣ ಮೈಯ ಪ್ರಾಣಿಯು ಅನ್ನ ನೀರಿಲ್ಲದೆ, ಅಡಗಲು ಮರೆಯಿಲ್ಲದೆ ಬಹಳ ಹೊತ್ತು ಬದುಕಲಾರದು. ಚಳಿಗೂ ಭಯಕ್ಕೂ ಬೋನಿನಲ್ಲಿಯೇ ಸಾಯುವುದುಂಟು. ಬೋನಿಟ್ಟು ಜಾತ್ರೆಗೆ ಹೋಗಿ ಮೂರನೆಯ ದಿನ ಮರಳುವವನು ಕೊಲ್ಲದ ಬೋನನ್ನು ಕೊಲ್ಲುವ ಬೋನನ್ನಾಗಿ ಮಾಡಿದನು. ಬೆಳಿಗ್ಗೆ ಸಂಜೆ ಎರಡು ಹೊತ್ತೂ ನೋಡಬೇಕು. ಒಳಗೆ ಒಂದಿಷ್ಟು ಹುಲ್ಲು ಅಥವಾ ಬಟ್ಟೆಯ ಚೂರು, ನಾಲ್ಕು ಕಾಳು, ನೀರಿಗಾಗಿ ಸೌತೆಯ ಒಂದು ಹೋಳು ಇರಿಸಬೇಕು.

ಬೋನಿನ ಕಷ್ಟ ಬೇಡವೆಂದು ಅಂಗಡಿಯಿಂದ ಅಂಟಿನ ಹಲಗೆಯನ್ನೋ ವಿಷದ ಗುಳಿಗೆಯನ್ನೋ ತರುವವರು ಈಗ ಹೆಚ್ಚಾಗಿದ್ದಾರೆ. ಅಂಟಿಗೆ ಸಿಕ್ಕ ಇಲಿಯು ಚರ್ಮ ಕಿತ್ತುಕೊಳ್ಳುತ್ತ ಗಂಟೆಗಟ್ಟಲೆ ಒದ್ದಾಡುತ್ತದೆ. ಈ ಹಲಗೆಗಳ ಬಳಕೆಯನ್ನು ಇಂಗ್ಲೆಂಡಿನವರು ೨೦೨೨ರಲ್ಲಿ ಕಾನೂನು ಮಾಡಿ ೨೦೨೪ರ ಜುಲೈಯಿಂದ ಸಾಮಾನ್ಯರಿಗೆ ನಿಷೇಧಿಸಿದರು. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷವನ್ನು ತಿಂದ ಇಲಿಯು ಒಳಗೇ ರಕ್ತ ಸೋರಿ ಕೆಲವು ದಿನ ನರಳಿ ಸಾಯುತ್ತದೆ. ಅದನ್ನು ತಿಂದ ಗೂಬೆಗೂ ವಿಷ ತಗಲುತ್ತದೆ. ನಮ್ಮ ದೇಶದಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ಕಾಯಿದೆ ೧೯೬೦ರಲ್ಲಿಯೇ ಬಂದಿತು. ವನ್ಯಜೀವಿಗಳ ರಕ್ಷಣೆಯ ೧೯೭೨ರ ಕಾಯಿದೆಯು ಇಲಿಗಳನ್ನು ಉಪದ್ರವಿಗಳ ಪಟ್ಟಿಯಲ್ಲಿಟ್ಟಿತ್ತು. ೨೦೨೨ರ ತಿದ್ದುಪಡಿಯು ಆ ಪಟ್ಟಿಯನ್ನೇ ತೆಗೆದುಹಾಕಿತು. ಇದು ಕಾನೂನಿನ ಮಾತಾಯಿತು. ಭಕ್ತನಿಗೆ ಕಾನೂನೇ ಮೇರೆಯಲ್ಲ.

ರೋಗ ಹಬ್ಬಿದಾಗ, ಉಪದ್ರವ ಮಿತಿಮೀರಿದಾಗ ಕೊಲ್ಲದೆ ಗತಿಯಿಲ್ಲವೆಂಬ ಸಂದರ್ಭ ಬರಬಹುದು. ಆಗ ಕ್ಷಣದಲ್ಲಿ ಪ್ರಾಣ ಹೋಗುವ ಸಾಧನವನ್ನು ಬಳಸಿ, ಅದನ್ನು ಕೊಲೆಯೆಂದೇ ಒಪ್ಪಿ, ಆ ಭಾರವನ್ನು ತಾನೇ ಹೊರುವ ಗೃಹಸ್ಥನು, ಬಯಲಿನಲ್ಲಿ ಸಾಯಲು ಬಿಟ್ಟು ಬಂದು ಅಹಿಂಸೆಯ ಹೆಸರು ಹೇಳುವವನಿಗಿಂತ ಸತ್ಯಕ್ಕೆ ಸಮೀಪನು. ಈ ಮಾತು ಕೆಲವರಿಗೆ ಕಟುವೆನಿಸಬಹುದು. ಹೆಚ್ಚಿನ ಮನೆಗಳಲ್ಲಿ ಅಂತಹ ಸಂದರ್ಭವೇ ಬರುವುದಿಲ್ಲ. ಸೋಮಾರಿತನವನ್ನು ಅನಿವಾರ್ಯತೆಯೆಂದು ಕರೆಯುವ ಅಭ್ಯಾಸ ಮಾತ್ರ ಇರುತ್ತದೆ.

ಸಂದುಗಳನ್ನು ಮುಚ್ಚಿ ಮುಗಿದ ಮನೆಯಲ್ಲಿ ಒಳಗೆ ಉಳಿದ ಒಂದೆರಡು ಇಲಿಗಳಿಗಾಗಿ ಬೋನಿಟ್ಟರೆ ಸಾಕು. ಸಿಕ್ಕಿದುದನ್ನು ದೂರ ಒಯ್ಯಬೇಕಾಗಿಲ್ಲ, ನೆರೆಯವರ ಹಿತ್ತಿಲಿಗಂತೂ ಕೂಡದು. ಕತ್ತಲಾಗುವ ಹೊತ್ತಿಗೆ, ಕಾಗೆ ಹದ್ದುಗಳು ಗೂಡು ಸೇರಿದ ಮೇಲೆ, ತನ್ನದೇ ಹಿತ್ತಿಲಿನ ಕಟ್ಟಿಗೆಯ ಒಟ್ಟಿಲಿನ ಬಳಿಗೋ ಬೇಲಿಯ ಬುಡಕ್ಕೋ ಯಜಮಾನನೇ ಕೈಗೆ ಬಟ್ಟೆ ಸುತ್ತಿಕೊಂಡು ಬೋನನ್ನು ಒಯ್ಯಲಿ. ಬಾಗಿಲು ತೆರೆದೊಡನೆ ಇಲಿಯು ಓಡುವುದಿಲ್ಲ. ಹಿಂದಿನ ಮೂಲೆಗೆ ಒತ್ತಿಕೊಂಡು, ಮೀಸೆ ಅಲುಗಿಸುತ್ತ ಕುಳಿತಿರುತ್ತದೆ. ಬೋನನ್ನು ಅಲ್ಲಾಡಿಸಬಾರದು, ಸ್ವಲ್ಪ ಹಿಂದೆ ಸರಿದು ನಿಂತರೆ ತಾನಾಗಿ ಹೊರಬರುತ್ತದೆ. ಬಳಿಕ ಬೋನನ್ನು ಬಿಸಿನೀರಿನಿಂದ ತೊಳೆದು, ಕೈಗಳನ್ನು ಸಾಬೂನಿನಿಂದ ತೊಳೆದು, ಸಂಜೆಯ ಪೂಜೆಗೆ ಕುಳಿತುಕೊಳ್ಳಬಹುದು.