ಡಿಸ್ಕಿನ ಮೇಲಿನ ಸಣ್ಣ ಅಕ್ಷರ

ಭಾನುವಾರ ಬೆಳಗಿನ ಜಾವ ಚಿಕ್ಕಬಳ್ಳಾಪುರದ ಹತ್ತಿರ ಹೈವೇ ಪಕ್ಕ ನಿಂತು ನೋಡಿ, ಎರಡು ಥರದ ಬೈಕ್ ಕಾಣುತ್ತವೆ. ಒಂದು, ಬೆಂಗಳೂರಿಂದ ನಂದಿಬೆಟ್ಟಕ್ಕೋ ಆವಲಬೆಟ್ಟಕ್ಕೋ ಹೊರಟಿದ್ದು. ಸವಾರನ ಮೈಮೇಲೆ ರೈಡಿಂಗ್ ಜಾಕೆಟ್, ಗ್ಲೌಸ್, ಬೂಟು ಎಲ್ಲ ಇರುತ್ತೆ. ಇನ್ನೊಂದು, ಚಿಂತಾಮಣಿ ಕಡೆ ಹುಡುಗನೊಬ್ಬನ ಸೆಕೆಂಡ್ ಹ್ಯಾಂಡ್ ಆರ್15. ಹಿಂದೆ ಅಮ್ಮ, ಮುಂದೆ ಟ್ಯಾಂಕಿನ ಮೇಲೆ ಚೀಲ. ಇವೆರಡಕ್ಕೂ ಸಂಬಂಧವೇ ಇಲ್ಲ ಅನ್ನಿಸುತ್ತೆ. ಆದರೆ ಒಂದರಿಂದ ಬಿಚ್ಚಿದ ಸಾಮಾನು ಇನ್ನೊಂದಕ್ಕೆ ಬಂದು ಸೇರಬಹುದು. ನನ್ನ ತಕರಾರು ಇರುವುದು ಅಲ್ಲೇ.

ನಮ್ಮ ಕಡೆಯ ಬೈಕ್ ಹುಚ್ಚಿನವರು ಟ್ರ್ಯಾಕ್ ಓಡಿಸೋಕೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಹೋಗುತ್ತಾರೆ. ಅಲ್ಲಿ ಓಡುವುದು ಬರೀ ದೊಡ್ಡ ಬೈಕುಗಳಲ್ಲ. ಆರ್15, ಡ್ಯೂಕ್, ಅಪಾಚೆಗಳೂ ಓಡುತ್ತವೆ. ಟ್ರ್ಯಾಕಿಗೆ ಅಂತಲೇ ಇನ್ನೊಂದು ಜೊತೆ ವೀಲ್ ಇಟ್ಟುಕೊಳ್ಳುವವರಿದ್ದಾರೆ. ಹೊಸದು ದುಬಾರಿ. ಹಾಗಾಗಿ ಹಳೇ ವೀಲು, ಹಳೇ ಡಿಸ್ಕು ಹುಡುಕಿ ತಂದು, ಬಣ್ಣ ಕೀಳಿಸಿ, ಸೊಟ್ಟ ತೆಗೆಸಿ, ಪೌಡರ್ ಕೋಟಿಂಗ್ ಮಾಡಿಸಿ ಹಾಕುತ್ತಾರೆ. ಕೆಲವರು ಹಾಗೆ ರೆಡಿ ಮಾಡಿ ಮಾರುತ್ತಾರೆ ಕೂಡ.

ಇದರಲ್ಲಿ ತಪ್ಪೇನೂ ಇಲ್ಲ. ಹಳ್ಳಿಯಲ್ಲಿ ಬೆಳೆದ ನಮಗೆ ರಿಪೇರಿ ಅನ್ನೋದು ಹವ್ಯಾಸ ಅಲ್ಲ, ಬದುಕು. ಗಾಡಿ ಚಕ್ರ ಸಡಿಲವಾದರೆ ಕಬ್ಬಿಣದ ಹಳಿ ಕಾಯಿಸಿ ಮತ್ತೆ ಕೂರಿಸುತ್ತಿದ್ದರೇ ಹೊರತು ಹೊಸ ಚಕ್ರ ತರುತ್ತಿರಲಿಲ್ಲ. 'ಹಳೇದ್ಯಾಕೆ, ಹೊಸದೇ ತಗೊಳ್ಳಿ' ಅನ್ನೋದು ತಿಂಗಳ ಕೊನೆಗೆ ಸಂಬಳ ಬರುವವರ ಸಲಹೆ.

ಆದರೆ ಆ ಹಳಿಗೂ ಈ ಅಲಾಯ್ ವೀಲ್‌ಗೂ ಒಂದು ವ್ಯತ್ಯಾಸ ಇದೆ. ಕುಲುಮೆಯಲ್ಲಿಟ್ಟ ಕಬ್ಬಿಣ ಕೆಂಪಗಾಗುತ್ತೆ. ಎಷ್ಟು ಕಾದಿದೆ ಅಂತ ಬಣ್ಣದಲ್ಲೇ ಹೇಳುತ್ತೆ. ಅಲ್ಯೂಮಿನಿಯಂ ಹಾಗಲ್ಲ. ಸುಮಾರು 660 ಡಿಗ್ರಿಗೆ ಕರಗಿಯೇ ಹೋಗುತ್ತೆ, ಹಗಲು ಬೆಳಕಲ್ಲಿ ಅದು ಕೆಂಪಗಾಗಿದ್ದು ಕಾಣುವುದೇ ಇಲ್ಲ. ಹಲವು ಎರಕದ ವೀಲ್‌ಗಳಿಗೆ ಕಾರ್ಖಾನೆಯಲ್ಲಿ ಲೆಕ್ಕವಾಗಿ ಕಾಯಿಸಿ, ತಣಿಸಿ ಗಟ್ಟಿತನ ಬರಿಸಿರುತ್ತಾರೆ. ಗುಂಡಿಗೆ ಬಿದ್ದು ಸೊಟ್ಟಗಾದ ರಿಮ್ಮಿಗೆ ಅಂದಾಜಿನ ಮೇಲೆ ಗ್ಯಾಸ್ ಟಾರ್ಚ್ ಹಿಡಿದು ನೆಟ್ಟಗೆ ಮಾಡಿದರೆ ಆಕಾರ ವಾಪಸ್ ಬರುತ್ತೆ, ಗಟ್ಟಿತನ ಹೋಗಿರಬಹುದು. ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೂ ಇರಬಹುದು. ಅದರ ಮೇಲೆ ಕಪ್ಪು ಪೌಡರ್ ಕೋಟಿಂಗ್ ಕೂತರೆ ಮುಗೀತು, ಕಣ್ಣಿಗೆ ಹೊಸದೇ.

ಡಿಸ್ಕಿನದು ಇನ್ನೂ ವಿಚಿತ್ರ. ಅದರ ಮೇಲೆ ಸಣ್ಣ ಅಕ್ಷರದಲ್ಲಿ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಕೆತ್ತಿರುತ್ತಾರೆ. ಹಲವು ಸೂಪರ್‌ಬೈಕುಗಳಲ್ಲಿ ಹೊಸ ಡಿಸ್ಕ್ 5 ಮಿಲಿಮೀಟರ್ ಇದ್ದರೆ, 4.5ಕ್ಕೆ ಇಳಿದ ಮೇಲೆ ಎಸೆಯಬೇಕು. ಅಂದರೆ ಅದರ ಇಡೀ ಆಯುಸ್ಸು ಅರ್ಧ ಮಿಲಿಮೀಟರ್. ಗೀರು ಬಿದ್ದ ಡಿಸ್ಕನ್ನು ಗ್ರೈಂಡಿಂಗ್ ಮಾಡಿಸಿ ಹೊಳೆಯುವಂತೆ ಮಾಡಿದಾಗ ನಾವು ತೆಗೆಯುವುದು ಆ ಅರ್ಧ ಮಿಲಿಮೀಟರ್‌ನಿಂದಲೇ. ಹೊಳಪು ಹೆಚ್ಚಿದಷ್ಟೂ ಲೋಹ ಕಮ್ಮಿ. ಬ್ರೇಕ್ ಹಿಡಿದಾಗ ಬೈಕಿನ ಓಟವೆಲ್ಲ ಶಾಖವಾಗಿ ಡಿಸ್ಕಿಗೆ ಇಳಿಯುತ್ತೆ. ವೇಗ ಮೂರು ಪಟ್ಟಾದರೆ ಆ ಶಾಖ ಒಂಬತ್ತು ಪಟ್ಟು. ಅದನ್ನು ತಡೆದುಕೊಳ್ಳಲು ಇರುವುದು ಆ ಲೋಹವೊಂದೇ.

ಮಾರುವವರ ವಾದ ಸರಳ. 'ಟ್ರ್ಯಾಕಿಗೆ ಮಾತ್ರ ಅಂತ ಹೇಳೇ ಮಾರ್ತೀವಲ್ಲ. ರಿಸ್ಕ್ ಅವನದ್ದು.' ಕೇಳಲು ಸರಿ ಅನ್ನಿಸುತ್ತೆ. ಟ್ರ್ಯಾಕಿನಲ್ಲಿ ಆಂಬುಲೆನ್ಸ್ ಇರುತ್ತೆ, ಎದುರಿಂದ ಲಾರಿ ಬರಲ್ಲ, ಓಡಿಸುವವನು ಬಾಂಡಿಗೆ ಸಹಿ ಹಾಕಿಯೇ ಒಳಗೆ ಬಂದಿರುತ್ತಾನೆ. ಆದರೆ ಅವನು ಒಪ್ಪಿರುವುದು ತಿರುವಿನಲ್ಲಿ ತಾನು ಜಾರಿ ಬೀಳುವ ಅಪಾಯಕ್ಕೆ. ಬಣ್ಣದ ಕೆಳಗಿನ ಬಿರುಕಿಗೆ ಅವನು ಒಪ್ಪಿಲ್ಲ, ಯಾಕಂದರೆ ಅದು ಅವನಿಗೆ ಗೊತ್ತೇ ಇಲ್ಲ. ಗೊತ್ತಿಲ್ಲದ್ದಕ್ಕೆ ಒಪ್ಪಿಗೆ ಅನ್ನೋದು ಇರಲ್ಲ.

ಎರಡನೇದು, 'ಟ್ರ್ಯಾಕಿಗೆ ಮಾತ್ರ' ಅನ್ನೋ ಮಾತು ಲೋಹಕ್ಕೆ ಅಂಟಿಕೊಳ್ಳಲ್ಲ. ಮೊದಲನೆಯವನು ಎರಡನೆಯವನಿಗೆ ಹೇಳಿರುತ್ತಾನೆ. ಎರಡನೆಯವನು ಮೂರನೆಯವನಿಗೆ ಹೇಳಬೇಕು ಅಂತೇನಿಲ್ಲ. ಗುಜರಿ ಸೇರಿದ ಮೇಲಂತೂ ಹೇಳುವವರೇ ಇಲ್ಲ. ಕೊನೆಗೆ ಅದೇ ಡಿಸ್ಕು ಆ ಚಿಂತಾಮಣಿ ಹುಡುಗನ ಬೈಕಿಗೆ ಬಂದು ಕೂತರೆ, ಹಿಂದೆ ಕೂತ ಅಮ್ಮ ಯಾವ ಬಾಂಡಿಗೂ ಸಹಿ ಹಾಕಿಲ್ಲ.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋದವರಿಗೆ ಗೊತ್ತಿರುತ್ತೆ. ರೀಲರ್ ಗೂಡನ್ನು ಕೈಗೆತ್ತಿಕೊಂಡು, ಒತ್ತಿ, ಅಲುಗಾಡಿಸಿ ನೋಡಿಯೇ ಬೆಲೆ ಕಟ್ಟುವುದು. ಅವನ ಬೆರಳಿಗೆ ರೈತನಿಗಿರುವಷ್ಟೇ ಜ್ಞಾನ ಇರುತ್ತೆ. ಅಲ್ಲಿ 'ಕೊಳ್ಳುವವನು ನೋಡಿಕೊಳ್ಳಲಿ' ಅನ್ನೋದು ನ್ಯಾಯ. ಹಳೇ ಬೈಕ್ ಸಾಮಾನಿನಲ್ಲಿ ಬೆರಳಿಗೆ ಏನೂ ಸಿಗಲ್ಲ. ಸೆಕೆಂಡ್ ಹ್ಯಾಂಡ್ ಕಾರುಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು 1970ರಲ್ಲಿ ಜಾರ್ಜ್ ಅಕರ್ಲಾಫ್ ಅನ್ನೋ ಅರ್ಥಶಾಸ್ತ್ರಜ್ಞ ಇದನ್ನೇ ಬರೆದರು. ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಾಗದಿದ್ದರೆ, ಒಳ್ಳೇ ಮಾಲಿಗೂ ಕೆಟ್ಟ ಮಾಲಿಗೂ ಒಂದೇ ಬೆಲೆ ಬಂದು, ಒಳ್ಳೇದು ಸಂತೆಯಿಂದಲೇ ಹೊರಗೆ ಹೋಗುತ್ತೆ. ಅಂದರೆ ಪ್ರಾಮಾಣಿಕವಾಗಿ ವೀಲ್ ರಿಪೇರಿ ಮಾಡುವವನೇ ಮೊದಲು ಅಂಗಡಿ ಮುಚ್ಚುತ್ತಾನೆ.

ಹಾಗಾದರೆ ಏನು ಮಾಡಬೇಕು? ನನಗೆ ಮೂರು ಕೆಲಸ ಕಾಣುತ್ತೆ. ಬಣ್ಣ ಹಾಕುವ ಮೊದಲು ಪರೀಕ್ಷೆ. ಕೆಂಪು ಡೈ ಹಚ್ಚಿ, ಒರೆಸಿ, ಬಿಳಿ ಡೆವಲಪರ್ ಹೊಡೆದರೆ ಮೇಲ್ಮೈಯ ಬಿರುಕು ಕೆಂಪು ಗೆರೆಯಾಗಿ ಕಾಣುತ್ತೆ. ಇದೇನು ರಾಕೆಟ್ ವಿಜ್ಞಾನ ಅಲ್ಲ. ಎರಡನೇದು, ಏನೇನು ಮಾಡಿದೆ ಅಂತ ಬರೆದು ಕೊಡುವುದು: ಎಲ್ಲಿ ಸೊಟ್ಟ ಇತ್ತು, ಶಾಖ ಕೊಟ್ಟೆನಾ, ಡಿಸ್ಕ್ ಈಗ ಎಷ್ಟು ದಪ್ಪ ಇದೆ. ಮೂರನೇದು ಕಷ್ಟದ್ದು. ಪಾಸಾಗದ ವೀಲನ್ನು, ಡಿಸ್ಕನ್ನು ಗ್ರೈಂಡರ್‌ನಲ್ಲಿ ಎರಡು ತುಂಡು ಮಾಡಿಯೇ ಗುಜರಿಗೆ ಹಾಕುವುದು.

ಮೊದಲ ಎರಡಕ್ಕೆ ಖರ್ಚಾಗುವುದು ಸಮಯ. ಮೂರನೇದಕ್ಕೆ ದುಡ್ಡು. ಇಡಿಯಾಗಿ ಮಾರಿದರೆ ಸಾವಿರಗಳಲ್ಲಿ ಬರುವುದು, ತುಂಡು ಮಾಡಿದರೆ ಕೆಜಿ ಲೆಕ್ಕ. ಕತ್ತರಿಸದೆ ಮಾರಿದರೂ ಯಾರೂ ಬಂದು ಕೇಳಲ್ಲ, ಯಾವ ಬಿಲ್ಲೂ ಇರಲ್ಲ. ನಮ್ಮ ನೀತಿ ಪರೀಕ್ಷೆಗೆ ಬೀಳುವುದು ಇಂಥ ಕಡೆಯೇ ಅನ್ನಿಸುತ್ತೆ.

'ಹಾಗೆಲ್ಲ ಕತ್ತರಿಸಿದರೆ ಬಡ ಹುಡುಗನಿಗೆ ಅಗ್ಗದ ಸಾಮಾನು ಎಲ್ಲಿಂದ ಬರುತ್ತೆ?' ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಪಾಸಾದ ಹಳೇ ಸಾಮಾನು ಇದ್ದೇ ಇರುತ್ತಲ್ಲ, ಅದು ಅವನಿಗೆ ಸಿಗಲಿ. ಉಳ್ಳವರು ಬಳಸಿ ಬಿಟ್ಟ ಅಪಾಯವನ್ನು ಕಮ್ಮಿ ರೇಟಿಗೆ ಕೊಟ್ಟು ಅದಕ್ಕೆ ಉಪಕಾರ ಅಂತ ಹೆಸರಿಡುವುದು ಬೇಡ. ಡಿಸ್ಕಿನ ಮೇಲಿನ ಆ ಸಣ್ಣ ಅಕ್ಷರ ಬೆಂಗಳೂರಿನವನಿಗೆ ಒಂದು, ಚಿಂತಾಮಣಿಯವನಿಗೆ ಒಂದು ಅಂತ ಬರೆದಿಲ್ಲ.