ಸದ್ಯ!

2022ರ ಸೆಪ್ಟೆಂಬರ್ 28ರಂದು ಫ್ಲಾರಿಡಾದ ಟ್ಯಾಂಪಾ ಕೊಲ್ಲಿಯ ಅಂಚಿನಲ್ಲಿ ನೀರಿರಲಿಲ್ಲ. ದಿನವೂ ಅಲೆ ಬಡಿಯುವ ತಡೆಗೋಡೆಯ ಆಚೆ ಕೆಸರು, ಕಡಲ ಹುಲ್ಲು, ಕಪ್ಪೆಚಿಪ್ಪು. ಜನ ಅಲ್ಲಿಗಿಳಿದು ನಡೆದರು, ಫೋಟೊ ತೆಗೆದುಕೊಂಡರು. ಹೋದ ನೀರು ಮರಳಿ ಬರುತ್ತದೆ, ಇಳಿಯಬೇಡಿ ಎಂದು ಅಧಿಕಾರಿಗಳು ಕೂಗಿಕೊಳ್ಳುತ್ತಿದ್ದರು. ಅದೇ ದಿನ, ಅದೇ ಕರಾವಳಿಯಲ್ಲಿ, ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದಕ್ಷಿಣಕ್ಕಿರುವ ಫೋರ್ಟ್ ಮೈಯರ್ಸ್ ಬೀಚ್‌ನಲ್ಲಿ ಕಡಲು ಹತ್ತಡಿಗೂ ಮೀರಿ ಏರಿ ಮನೆಗಳೊಳಗೆ ನುಗ್ಗಿತು.

ಎರಡೂ ‘ಇಯನ್’ ಎಂಬ ಒಂದೇ ಚಂಡಮಾರುತದ ಕೆಲಸ. ಉತ್ತರ ಗೋಳಾರ್ಧದಲ್ಲಿ ಚಂಡಮಾರುತಗಳು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತವೆ. ಫ್ಲಾರಿಡಾದ ಪಶ್ಚಿಮ ದಡಕ್ಕೆ ಬಂದಾಗ, ಚಂಡಮಾರುತದ ಕಣ್ಣಿನ ಉತ್ತರ ಭಾಗದಲ್ಲಿ ಗಾಳಿ ನೆಲದ ಕಡೆಯಿಂದ ಬೀಸಿ ಕೊಲ್ಲಿಯ ನೀರನ್ನು ಹೊರಗೆ ದಬ್ಬುತ್ತದೆ. ದಕ್ಷಿಣ ಭಾಗದಲ್ಲಿ ಕಡಲ ಕಡೆಯಿಂದ ಬೀಸಿ ನೀರನ್ನು ಊರೊಳಗೆ ತುಂಬುತ್ತದೆ. ಒಂದೂರಿನ ದಡ ಬರಿದಾಗುವುದಕ್ಕೂ ಇನ್ನೊಂದೂರು ಮುಳುಗುವುದಕ್ಕೂ ಕಾರಣ ಒಂದೇ ಚಕ್ರ.

ಎರಡು ದಿನ ಮುಂಚೆ ಮುನ್ಸೂಚನೆಯ ಗೆರೆ ಟ್ಯಾಂಪಾದ ಹತ್ತಿರವೇ ಇತ್ತು. ಪೆಟ್ರೋಲ್ ಬಂಕುಗಳ ಮುಂದೆ ಸಾಲು, ಕಿಟಕಿಗಳಿಗೆ ಪ್ಲೈವುಡ್, ಸ್ನಾನದ ತೊಟ್ಟಿಗಳಲ್ಲಿ ತುಂಬಿಟ್ಟ ನೀರು. ಆಮೇಲೆ ಕಾಯುವುದೊಂದೇ ಕೆಲಸ. ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರ ಬೆಳಿಗ್ಗೆ 5, 11, ಸಂಜೆ 5, ರಾತ್ರಿ 11ಕ್ಕೆ ಹೊಸ ನಕ್ಷೆ ಕೊಡುತ್ತದೆ. ದಿನದ ಗಂಟೆಗಳಿಗೆ ಬೇರೆ ಅರ್ಥವೇ ಉಳಿಯುವುದಿಲ್ಲ. ಅಲ್ಲಿನ ರಾತ್ರಿ 11 ಎಂದರೆ ನಮಗೆ ಬೆಳಿಗ್ಗೆ ಎಂಟೂವರೆ. ಮಕ್ಕಳು ಆ ಕಡಲ ದಡದಲ್ಲಿ ಕೆಲಸಕ್ಕಿರುವ ನಮ್ಮ ಮನೆಗಳಿಂದ ತಿಂಡಿಯ ಹೊತ್ತಿಗೆ ಫೋನು ಹೋಗುತ್ತದೆ. “ನಿಮ್ಮ ಕಡೆಗೆ ಬರಲ್ಲ ತಾನೇ?” “ಇಲ್ಲಮ್ಮ, ದಕ್ಷಿಣಕ್ಕೆ ತಿರುಗಿತು.” “ಸದ್ಯ!”

ಈ ‘ಸದ್ಯ’ದ ಒಳಗೆ ಏನಿದೆ ಎಂಬುದೇ ನನ್ನ ಪ್ರಶ್ನೆ.

ನಮ್ಮ ಮಗುವಿನ ಜ್ವರ ಇಳಿಯಲಿ ಎಂದು ಹರಕೆ ಹೊತ್ತರೆ ಅದು ಪಕ್ಕದ ಮನೆಯ ಮಗುವಿಗೆ ತಗಲುವುದಿಲ್ಲ. ಚಂಡಮಾರುತದ ಲೆಕ್ಕ ಬೇರೆ. ಫ್ಲಾರಿಡಾದ ಪಶ್ಚಿಮ ದಡದ ಎದುರಿನ ಮೆಕ್ಸಿಕೊ ಕೊಲ್ಲಿ ಮೂರು ಕಡೆಯೂ ನೆಲದಿಂದ ಸುತ್ತುವರಿದದ್ದು. ಅದರೊಳಗೆ ಬಂದ ಬಿರುಗಾಳಿ ಸೊರಗಬಹುದು, ಆದರೆ ದಡ ಮುಟ್ಟದೆ ಹೋಗುವುದು ಅಪರೂಪ. ಅಲ್ಲಿ ನಿಂತು ‘ಇಲ್ಲಿಗೆ ಬೇಡ’ ಎನ್ನುವವನು, ತನಗೆ ಗೊತ್ತಿದ್ದೋ ಗೊತ್ತಿಲ್ಲದೆಯೋ, ‘ಅಲ್ಲಿಗೆ ಹೋಗಲಿ’ ಎಂದಂತೆಯೇ.

ಇದಕ್ಕೊಂದು ಸುಲಭದ ಉತ್ತರವಿದೆ: ಹಾರೈಕೆಗೆ ಗಾಳಿ ಕಿವಿಗೊಡುವುದಿಲ್ಲ. ಚಂಡಮಾರುತವನ್ನು ನಡೆಸುವುದು ಸುತ್ತಲಿನ ಅಧಿಕ ಒತ್ತಡದ ವಲಯಗಳು, ಮೇಲ್‌ಮಟ್ಟದ ಗಾಳಿಗಳು. ಅಮ್ಮನ ‘ಸದ್ಯ’ ಅದನ್ನು ಒಂದು ಗೇಣೂ ಸರಿಸಿಲ್ಲ; ಮೇಲಾಗಿ ಅವಳು ಬಯಸಿದ್ದು ಮಗನ ಉಳಿವನ್ನು, ಬೇರೆಯವರ ಕೇಡನ್ನಲ್ಲ. ಈ ಮಾತನ್ನು ನಾನು ಒಪ್ಪುತ್ತೇನೆ. ಹೆತ್ತವರ ಭಯವನ್ನು ನ್ಯಾಯಾಲಯಕ್ಕೆ ಎಳೆಯುವ ನೀತಿಶಾಸ್ತ್ರ ಯಾರಿಗೂ ಬೇಕಾಗಿಲ್ಲ. ಆದರೆ ಹಾರೈಕೆ ಗಾಳಿಯನ್ನು ತಿರುಗಿಸದಿದ್ದರೂ ಹಾರೈಸುವವನ ಕಣ್ಣನ್ನು ತಿರುಗಿಸುತ್ತದೆ. ತಪ್ಪೇನಾದರೂ ಇದ್ದರೆ ಅದು ಇರುವುದು ಅಲ್ಲಿ.

ಮೊದಲು ಅದು ನಕ್ಷೆಯನ್ನು ತಪ್ಪಾಗಿ ಓದಿಸುತ್ತದೆ. ಮುನ್ಸೂಚನೆಯ ನಕ್ಷೆಯಲ್ಲಿ ಮುಂದೆ ಮುಂದೆ ಅಗಲವಾಗುವ ಬಿಳಿಯ ಶಂಕುವೊಂದಿರುತ್ತದೆ. ಚಂಡಮಾರುತದ ನಡು ಮೂರರಲ್ಲಿ ಎರಡು ಸಲ ಅದರೊಳಗೆ ಇರಬಹುದು ಎಂಬಷ್ಟೇ ಅದರ ಅರ್ಥ. ಮೂರನೆಯ ಸಲ ಆಚೆ ಹೋಗಬಹುದು. ಗಾಳಿ, ಮಳೆ, ನೀರು ಎಲ್ಲಿಯವರೆಗೆ ಚಾಚುತ್ತವೆ ಎಂಬುದನ್ನಂತೂ ಅದು ಹೇಳುವುದೇ ಇಲ್ಲ. ಆದರೆ ಕಾಯುವವರ ಕಣ್ಣು ನಡುವಿನ ಕಪ್ಪು ಗೆರೆಗೇ ಅಂಟಿಕೊಳ್ಳುತ್ತದೆ. 2004ರ ಆಗಸ್ಟ್ 13ರಂದು ‘ಚಾರ್ಲಿ’ ಬಂದಾಗ ಗೆರೆ ಟ್ಯಾಂಪಾದ ಮೇಲಿತ್ತು. ದಕ್ಷಿಣದ ಪುಂಟಾ ಗೋರ್ಡಾ ಕೂಡ ಶಂಕುವಿನೊಳಗೇ ಇತ್ತು, ಅಲ್ಲಿಗೂ ಎಚ್ಚರಿಕೆ ಕೊಟ್ಟಿತ್ತು. ಗೆರೆ ನಮ್ಮ ಮೇಲಿಲ್ಲವಲ್ಲ ಎಂದು ಅಲ್ಲಿ ಅನೇಕರು ಉಸಿರು ಬಿಟ್ಟಿದ್ದರು. ಕೊನೆಯ ಕೆಲವು ಗಂಟೆಗಳಲ್ಲಿ ಬಿರುಗಾಳಿ ಬಲಕ್ಕೆ ಹೊರಳಿ ಅವರ ಮೇಲೆಯೇ ಬಂತು. ಟ್ಯಾಂಪಾ ಬಿಟ್ಟು ಒಳನಾಡಿನ ಒರ್ಲಾಂಡೊಗೆ ಓಡಿದವರನ್ನು ಅಲ್ಲಿಗೂ ಹೋಗಿ ಮುಟ್ಟಿತು. ಹದಿನೆಂಟು ವರ್ಷಗಳ ನಂತರ ಇಯನ್ ಹೆಚ್ಚುಕಡಿಮೆ ಅದೇ ಜಾಗದಲ್ಲಿ ದಡ ಹತ್ತಿತು. ಫೋರ್ಟ್ ಮೈಯರ್ಸ್ ಬೀಚ್ ಇರುವ ಲೀ ಕೌಂಟಿಯಲ್ಲಿ ಊರು ತೆರವು ಮಾಡುವ ಆದೇಶ ಹೊರಟದ್ದು ಹಿಂದಿನ ದಿನ ಬೆಳಿಗ್ಗೆ. ಫ್ಲಾರಿಡಾದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು.

ಎರಡನೆಯದಾಗಿ, ಉಳಿದುಕೊಂಡದ್ದಕ್ಕೆ ಹಾರೈಕೆ ಕಾರಣ ಹುಡುಕಿಕೊಡುತ್ತದೆ. ಟ್ಯಾಂಪಾಕ್ಕೆ ದೊಡ್ಡ ಚಂಡಮಾರುತವೊಂದು ಕೊನೆಯ ಸಲ ನೇರವಾಗಿ ಬಡಿದದ್ದು 1921ರಲ್ಲಿ. ಕೊಲ್ಲಿಯ ಸುತ್ತ ಅಲ್ಲಿನ ಮೂಲನಿವಾಸಿ ಟೊಕೊಬಾಗ ಜನ ಕಟ್ಟಿದ ದಿಬ್ಬಗಳಿವೆ, ಅವೇ ಊರನ್ನು ಕಾಯುತ್ತಿವೆ ಎಂಬ ನಂಬಿಕೆ ಅಲ್ಲಿ ಇಂದಿಗೂ ಇದೆ. ಅಂಥ ದಿಬ್ಬಗಳು ದಕ್ಷಿಣದಲ್ಲೂ ಇವೆ. ಕಲೂಸಾ ಜನ ಚಿಪ್ಪು ಪೇರಿಸಿ ಎಬ್ಬಿಸಿದ ಒಂದು ದ್ವೀಪವೇ ಫೋರ್ಟ್ ಮೈಯರ್ಸ್ ಬೀಚಿನ ಮಗ್ಗುಲಲ್ಲಿದೆ. ದಿಬ್ಬಗಳು ಕಾಯುವುದಾದರೆ ಅವು ಯಾಕೆ ಕಾಯಲಿಲ್ಲ? ‘ದೇವರು ನಮ್ಮನ್ನು ಉಳಿಸಿದ’ ಎಂದು ಕೈಮುಗಿಯುವಾಗಲೂ ಈ ಪ್ರಶ್ನೆ ಹೊಸ್ತಿಲಲ್ಲೇ ನಿಂತಿರುತ್ತದೆ. ಅದೃಷ್ಟವನ್ನು ಯೋಗ್ಯತೆ ಎಂದುಕೊಂಡವನಿಗೆ ಮುಳುಗಿದವರಲ್ಲಿ ಏನೋ ಕೊರತೆ ಕಾಣತೊಡಗುತ್ತದೆ: ಅಲ್ಲಿ ಯಾಕೆ ಮನೆ ಕಟ್ಟಿದರು, ಹೇಳಿದಾಗ ಯಾಕೆ ಹೊರಡಲಿಲ್ಲ?

ಕಡಲಲ್ಲಿ ಪಾಡುಪಡುವವರನ್ನು ದಡದಿಂದ ನೋಡುವವನ ನೆಮ್ಮದಿಯ ಬಗ್ಗೆ ರೋಮನ್ ಕವಿ ಲುಕ್ರೀಷಿಯಸ್ ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿದ್ದ. ಅವನ ಚಿತ್ರದಲ್ಲಿ ನೋಡುವವನ ಜಾಗ ಭದ್ರ. ಚಂಡಮಾರುತಕ್ಕೆ ಕಾಯುವಾಗ ಎಲ್ಲರೂ ನಿಂತಿರುವುದು ಒಂದೇ ದಡದಲ್ಲಿ. ನೋಡುವವರು ಯಾರು, ಮುಳುಗುವವರು ಯಾರು ಎಂಬುದು ಕೊನೆಯ ಗಳಿಗೆಯ ಒಂದು ಹೊರಳಿನಲ್ಲಿ ತೀರ್ಮಾನವಾಗುತ್ತದೆ.

ನಮ್ಮ ಕರಾವಳಿಯೂ ಇದನ್ನು ಕಂಡಿದೆ. 2021ರ ಮೇ ತಿಂಗಳಲ್ಲಿ ‘ತೌಕ್ತೆ’ ನಮ್ಮ ಕಡಲಿನಲ್ಲೇ ಉತ್ತರಕ್ಕೆ ಹಾದುಹೋಯಿತು. ಕಡಲ್ಕೊರೆತವಾಯಿತು, ರಸ್ತೆ ಕೊಚ್ಚಿಹೋಯಿತು, ಸಾವೂ ಆಯಿತು. ಆದರೂ ಅದು ನಮ್ಮಲ್ಲಿ ದಡ ಹತ್ತಲಿಲ್ಲ ಎಂದು ನಾವೆಲ್ಲ ‘ಸದ್ಯ’ ಎಂದೆವು. 17ರಂದು ಮುಂಬೈ ಆಚೆಯ ಕಡಲಲ್ಲಿ ತೈಲಬಾವಿಯ ಕೆಲಸಗಾರರಿದ್ದ ‘ಪಿ-305’ ಬಾರ್ಜ್ ಮುಳುಗಿತು. ಅದೇ ರಾತ್ರಿ ಚಂಡಮಾರುತ ಗುಜರಾತಿನ ದಡ ಹತ್ತಿತು. ಅಷ್ಟು ಹೊತ್ತಿಗೆ ನಮ್ಮ ಗಮನ ಬೇರೆಡೆ ಹೋಗಿತ್ತು.

ಹಾಗೆಂದು ‘ಸದ್ಯ’ ಎನ್ನುವುದನ್ನು ಬಿಡಬೇಕೇ? ಬೇಡ. ಆ ಮಾತನ್ನು ಪೂರ್ತಿ ಕೇಳಿಸಿಕೊಂಡರೆ ಸಾಕು. ಕನ್ನಡದಲ್ಲಿ ಸದ್ಯ ಎಂದರೆ ‘ಬದುಕಿದೆವು’ ಎಂಬ ಉಸಿರೂ ಹೌದು, ‘ಈಗಿನ ಮಟ್ಟಿಗೆ’ ಎಂಬ ಅವಧಿಯೂ ಹೌದು. ತಪ್ಪಿಸಿಕೊಂಡ ಸುಖಕ್ಕೆ ಗಡುವು ಹಾಕಿಯೇ ಕೊಡುವ ಪದ ಅದು. ಟ್ಯಾಂಪಾದವರಿಗೆ ಆ ಗಡುವು 2024ರಲ್ಲಿ ತಿಳಿಯಿತು. ಸೆಪ್ಟೆಂಬರ್ 26ರಂದು ‘ಹೆಲೀನ್’ ದೂರದ ಕಡಲಲ್ಲೇ ಉತ್ತರಕ್ಕೆ ಹೋಯಿತು, ಆದರೂ ಅದು ದಬ್ಬಿದ ನೀರು ಕೊಲ್ಲಿಯ ಊರುಗಳ ಮನೆಗಳಿಗೆ ನುಗ್ಗಿತು. ಹದಿಮೂರು ದಿನ ಬಿಟ್ಟು ‘ಮಿಲ್ಟನ್’ ಮತ್ತೆ ದಕ್ಷಿಣಕ್ಕೆ ಸರಿದು ಸಿಯೆಸ್ಟಾ ಕೀಯಲ್ಲಿ ದಡ ಹತ್ತಿತು. ಕೊಲ್ಲಿಯ ನೀರು ಮತ್ತೆ ಹಿಂದೆ ಸರಿಯಿತು. ಒಂದೇ ಊರು ಎರಡು ವಾರದೊಳಗೆ ಚಕ್ರದ ಎರಡೂ ಅಂಚಿನಲ್ಲಿ ನಿಂತಿತ್ತು.

ಈ ಅವಧಿಯನ್ನು ಒಪ್ಪಿಕೊಂಡವನಿಗೆ ಮುಂದಿನ ಕೆಲಸವನ್ನು ಬೇರೆಯವರು ಹೇಳಬೇಕಾಗಿಲ್ಲ. ಚಂಡಮಾರುತ ತಿರುಗಿ ಹೋದ ಊರಿನಲ್ಲಿ ಬೇಡವಾದದ್ದೆಲ್ಲ ಸಿದ್ಧವಾಗಿರುತ್ತದೆ: ಡಿಕ್ಕಿಯ ತುಂಬ ನೀರಿನ ಬಾಟಲಿ, ಡಬ್ಬಿ ಒಡೆಯದ ಆಹಾರ, ಬ್ಯಾಟರಿ, ಕ್ಯಾನಿನಲ್ಲಿ ಪೆಟ್ರೋಲು. ಅದೇ ಹೊತ್ತಿಗೆ ಇನ್ನೊಂದೂರಿನಲ್ಲಿ ಇವೆಲ್ಲವೂ ಬೇಕಾಗಿರುತ್ತವೆ. ಫೋನಿನಲ್ಲಿ ‘ಸದ್ಯ’ ಎಂದ ಅಮ್ಮ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುವುದಿಲ್ಲ, ಒಂದು ಉಸಿರು ಬಿಟ್ಟು, “ಮತ್ತೆ ಎಲ್ಲಿಗೆ ಹೋಯ್ತಂತೆ?” ಎಂದು ಕೇಳುತ್ತಾಳೆ. ಸುಮ್ಮನೆ ಮಾತಿಗೆ ಕೇಳಿದ್ದಿರಬಹುದು. ಮಗ ಊರಿನ ಹೆಸರು ಹೇಳುತ್ತಾನೆ. ಡಿಕ್ಕಿಯಲ್ಲಿರುವ ನೀರು ತಲುಪಬೇಕಾದ ವಿಳಾಸ ಅದೇ.